ಹಳಬರ ರಾಗ ಹುಡುಕುವವರು

ಬಂಟ್ವಾಳದಿಂದ ಮೂಡುಬಿದಿರೆಯ ಕಾಲೇಜಿಗೆ ನನ್ನ ಕಾರಿನಲ್ಲೇ ಬರುತ್ತಿದ್ದ ಗಣಿತದ ಮಾಸ್ಟ್ರ ಜೊತೆ ಒಂದು ಹಾಡನ್ನೂ ನೆಮ್ಮದಿಯಾಗಿ ಕೇಳುವಂತಿರಲಿಲ್ಲ. ನನಗೆ ಇಷ್ಟವಾದ ತಮಿಳು ಸಂಗೀತ ನಿರ್ದೇಶಕನ ಹಾಡು ಶುರುವಾದರೆ ಸಾಕು, ಕೈ ಚಾಚಿ ಸದ್ದು ತಗ್ಗಿಸಿ, ಅದರ ಮೇಲೆಯೇ ಯಾವುದೋ ಹಳೆಯ ಹಾಡು ಗುನುಗುತ್ತಿದ್ದರು.

"ಈ ರಾಗ ಅವನದ್ದಲ್ಲ ಮಾರಾಯ್ರೆ, ಹಳಬರದ್ದು."

ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಹಿಂದಿನ ಸೀಟಿನಲ್ಲಿದ್ದ ನನ್ನ ಮಗಳು, ಮೊದಲ ಸಲ ತಾನೇ ರಾಗ ಹಾಕಿದ ಹಾಡನ್ನು ಅಳುಕುತ್ತಲೇ ಹಾಡಿದಳು. ಮಾಸ್ಟ್ರು ಬಾಯಿ ತೆರೆದೇಬಿಟ್ಟರು: "ಇದರಲ್ಲಿ ಪೂರಾ ಆ ತಮಿಳಿನವನೇ ಉಂಟಲ್ಲ!"

ಅಲ್ಲೇ ಕಾರು ನಿಲ್ಲಿಸಿ ಇವರನ್ನು ಇಳಿಸಿಬಿಡಬೇಕು ಅನ್ನಿಸಿತು. ಮಗಳು ಮಾತ್ರ ಮುಂದಕ್ಕೆ ಬಾಗಿ, "ಹೌದಾ ಸರ್? ಅವರ ಹಾಗೆ ಕೇಳ್ತದಾ?" ಎಂದು ಅರಳಿದಳು.

ಮಾಸ್ಟ್ರು ಅವಳತ್ತ ತಿರುಗಿ ಕುಳಿತರು. "ಇನ್ನೊಮ್ಮೆ ಹಾಡು," ಎಂದರು.