ದೇವರ ಮುಂದೆ ಕೂತ ಕಬ್ಬಿಣದ ಪಟ್ಟಿ

ದೇವರ ಕೋಣೆ ನೋಡಿ ಕೈಕಾಲು ತಣ್ಣಗಾದ ಮನುಷ್ಯನನ್ನು ನೀವು ಕಂಡಿದ್ದೀರಾ? ಕಂಡಿಲ್ಲವಾದರೆ ಈ ಸಲದ ಆಯುಧಪೂಜೆಯ ದಿನ ಹನೂರಿಗೆ ಬರಬೇಕಿತ್ತು. ನನ್ನ ಹೆಂಡತಿಯ ತವರುಮನೆಯ ನಡುಮನೆಯಲ್ಲಿ, ಹೋಳಿಗೆ ಉಂಡ ಕೈಯನ್ನು ಟವಲಿಗೆ ಒರೆಸಿಕೊಳ್ಳುತ್ತಾ ನಿಂತಿದ್ದ ನಾನೇ ಆ ಮನುಷ್ಯ.

ದೇವರ ಮುಂದೆ ಮಣೆ. ಮಣೆಯ ಮೇಲೆ ಸ್ಪ್ಯಾನರು, ಸುತ್ತಿಗೆ, ಅತ್ತೆಯವರ ಈಳಿಗೆಮಣೆ. ಅವುಗಳ ನಡುವೆ ಗೇಣುದ್ದದ ಒಂದು ಕಬ್ಬಿಣದ ಪಟ್ಟಿ. ಬೂದಿಯಲ್ಲಿ ಉಜ್ಜಿ ತೊಳೆದು, ಮೂರು ಬೆರಳು ವಿಭೂತಿ ಬಳಿದು, ನಡುವೆ ಕುಂಕುಮ ಇಟ್ಟು, ಮೇಲೊಂದು ಸೇವಂತಿಗೆ ಹೂ ಇಟ್ಟಿದ್ದರು.

ಆ ಪಟ್ಟಿ ಅಲ್ಲಿ ಇರಬಾರದಿತ್ತು.

ನನಗೆ ಕರೆಂಟು ಎಂದರೆ ಭಯ. ಇದನ್ನು ಈ ಅಂಕಣದ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಕೊಳ್ಳೇಗಾಲದ ನಮ್ಮ ಮನೆಯಲ್ಲಿ ರಬ್ಬರ್ ಚಪ್ಪಲಿ ಹಾಕಿಕೊಳ್ಳದೆ ನಾನು ಸ್ವಿಚ್ಚು ಮುಟ್ಟುವವನಲ್ಲ. (ದೇವರ ಕೋಣೆಯ ದೀಪ ಮಾತ್ರ ಹೆಂಡತಿಯೇ ಹಾಕುತ್ತಾಳೆ. ಅಲ್ಲಿಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲವಲ್ಲ!) ಸೀಮೆಎಣ್ಣೆ ದೀಪದಲ್ಲಿ ಓದಿದವನು ನಾನು. ಆ ದೀಪ ಉರಿಯುವುದು ಕಣ್ಣಿಗೆ ಕಾಣುತ್ತಿತ್ತು, ಆರಿದರೂ ಕಾಣುತ್ತಿತ್ತು. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ನೋಡಿ ಹೇಳುವವರು ಯಾರಾದರೂ ಇದ್ದಾರೆಯೇ?

ನನ್ನ ಭಾವಮೈದ ಮಹದೇವ ಇದಕ್ಕೆ ಪೂರಾ ವಿರುದ್ಧ. ಅವನಿಗೆ ಮಿಷನ್ನು ಎಂದರೆ ಪ್ರಾಣ. ಹನೂರಿನ ಮನೆಗೆ ಅಂಟಿಕೊಂಡಂತೆ ರೇಷ್ಮೆ ಎಳೆಗಳನ್ನು ತಿರುಚಿ ಹುರಿ ಮಾಡುವ ಸಣ್ಣ ಫ್ಯಾಕ್ಟರಿ ಇಟ್ಟಿದ್ದಾನೆ. ಈಗಿನ ಪವರ್ ಕಟ್ಟಿನ ಕಾಲ ನಿಮಗೆ ಗೊತ್ತೇ ಇದೆ. ಕರೆಂಟು ಹೋಯಿತೆಂದರೆ ತಿರುಗುತ್ತಿದ್ದ ಕದಿರುಗಳೆಲ್ಲ ನಿಂತು ಎಳೆಗಳು ಪಟಪಟ ತುಂಡಾಗುತ್ತವೆ. ಅವನ್ನು ಒಂದೊಂದಾಗಿ ಹುಡುಕಿ ಗಂಟು ಹಾಕುವಷ್ಟರಲ್ಲಿ ಆಳುಗಳ ದಿನವೇ ಮುಗಿದಿರುತ್ತದೆ.

ಅದಕ್ಕೇ ಮಹದೇವ ಈ ಮುಂಗಾರಿನಲ್ಲಿ ಒಂದು ಡೀಸೆಲ್ ಜನರೇಟರು ಕೂರಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಅವನು ಮಹದೇವನೇ ಅಲ್ಲ. ಕೊಯಮತ್ತೂರಿನಿಂದ ಮೇಸ್ತ್ರಿಯೊಬ್ಬನನ್ನು ಕರೆಸಿ, ಫ್ಯಾಕ್ಟರಿಯ ಗೋಡೆಗೆ, ಮನೆಯ ಲೈನೂ ಸೇರಿದಂತೆ, ಒಂದು ಕಬ್ಬಿಣದ ಪೆಟ್ಟಿಗೆ ಹೊಡೆಸಿದ. ಆಟೋಮ್ಯಾಟಿಕ್! ಕರೆಂಟು ಹೋದರೆ ಯಾರೂ ಓಡಬೇಕಿಲ್ಲ, ಹ್ಯಾಂಡಲ್ ತಿರುಗಿಸಬೇಕಿಲ್ಲ. ಬ್ಯಾಟರಿ ತಾನಾಗಿಯೇ ಇಂಜಿನ್ ಎಬ್ಬಿಸುತ್ತದೆ, ಪೆಟ್ಟಿಗೆ ತಾನಾಗಿಯೇ ಲೈನು ಬದಲಾಯಿಸುತ್ತದೆ. (ನಿಲ್ಲಿಸುವುದು ಮಾತ್ರ ಕೈಯಲ್ಲೇ. ಇದನ್ನು ನೆನಪಿಟ್ಟುಕೊಳ್ಳಿ.)

ಪೆಟ್ಟಿಗೆ ಬಂದ ವಾರ ನನ್ನನ್ನು ಹಿಡಿದು ನಿಲ್ಲಿಸಿಕೊಂಡು ಬಾಗಿಲು ತೆರೆದು ತೋರಿಸಿದ್ದ. ಒಳಗೆ ಎರಡು ಸ್ವಿಚ್ಚು, ಒಂದರ ಕೆಳಗೊಂದು.

"ಮ್ಯಾಗ್ಲುದು ಕಂಬದಿಂದ ಬರಾ ಬೋರ್ಡ್ ಕರೆಂಟು ಭಾವ. ಕೆಳಗ್ಲುದು ನಮ್ ಜನರೇಟರ್ದು. ಕರೆಂಟ್ ಓದೇಟ್ಗೆ ಮ್ಯಾಗ್ಲುದು ಬಿಟ್ಕತದ, ಕೆಳಗ್ಲುದು ಇಡ್ಕತದ. ನಾವು ಕೈಯಾಕಂಗೇ ಇಲ್ಲ."

"ಎರಡೂ ಒಟ್ಟಿಗೆ ಹಿಡಿದುಕೊಂಡರೆ?" ನನ್ನ ಪ್ರಶ್ನೆಗಳು ಯಾವಾಗಲೂ ಇಂಥವೇ.

"ಅದ್ಕೇಯ ಈ ಪಟ್ಟಿ ಮಡ್ಗಿರದು. ನಡುವ ತೂಗಾಡ್ತದಲ್ಲ, ಇದು. ಒಂದು ಒಳಕ್ಕಿದ್ರ ಇನ್ನೊಂದ್ನ ಒಳಿಕ್ ಬಿಡಕಿಲ್ಲ. ಇದೇ ಭಾವ ಇದ್ರ ಜೀವ."

"ಇದು ಇಲ್ಲದೆ ಹೋದರೆ?"

"ನಮ್ ಕರೆಂಟು ವಾಪಸ್ ಕಂಬಕ್ಕೋಯ್ತದ. ಕಂಬದ್ ಮ್ಯಾಲ ಯಾರಾರ ಇದ್ರ..." ಮಹದೇವ ಮಾತು ಮುಗಿಸದೆ ಪೆಟ್ಟಿಗೆಯ ಬಾಗಿಲು ಮುಚ್ಚಿದ.

ಅವನು ಮುಗಿಸದ ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು. ಪುಕ್ಕಲರ ಲಕ್ಷಣವೇ ಅದು. ಬಸ್ಸಿನ ಟೈಮು ಮರೆಯುತ್ತೇವೆ, ಭಯ ಹುಟ್ಟಿಸಿದ್ದನ್ನು ಮಾತ್ರ ಮರೆಯುವುದಿಲ್ಲ.

ಈಗ ಆಯುಧಪೂಜೆಗೆ ಬನ್ನಿ.

ಹಬ್ಬಕ್ಕೆ ಫ್ಯಾಕ್ಟರಿ ರಜಾ. ಮಿಷನ್ನುಗಳನ್ನೆಲ್ಲ ತೊಳೆದಿದ್ದರು. ಜನರೇಟರಿನ ಶೆಡ್ಡಿನ ಬಾಗಿಲಿಗೆ ಬಾಳೆಕಂದು, ಇಂಜಿನ್ನಿಗೆ ಹಾರ. ನಮ್ಮ ಕಡೆ ಪದ್ಧತಿ ಗೊತ್ತಲ್ಲ? ಬಿಚ್ಚಲು ಬರುವುದನ್ನು ಬಿಚ್ಚಿ ತಂದು ದೇವರ ಮುಂದೆ ಇಡಬೇಕು. ಇಟ್ಟ ಮೇಲೆ ಮಾರನೆಯ ದಿನ ಪೂಜೆ ಕದಲಿಸುವವರೆಗೆ ಯಾರೂ ಮುಟ್ಟಬಾರದು. ದರ್ಜಿ ಕತ್ತರಿ ಮುಟ್ಟುವುದಿಲ್ಲ, ಮೇಷ್ಟರು ಪುಸ್ತಕ ಮುಟ್ಟುವುದಿಲ್ಲ. ವರ್ಷಕ್ಕೆ ಒಂದು ದಿನ ಆಯುಧಗಳಿಗೂ ರಜಾ.

ಮಹದೇವನೂ ಭಕ್ತಿಯಿಂದಲೇ ಯೋಚಿಸಿದ್ದಾನೆ. ಪೆಟ್ಟಿಗೆಯಲ್ಲಿ ಮುಖ್ಯವಾದದ್ದು ಯಾವುದು? ಪಟ್ಟಿ. ಹಾಗಾದರೆ ಪೂಜೆ ಯಾವುದಕ್ಕೆ? ಪಟ್ಟಿಗೆ. ಇಂಜಿನ್ನು ಏಳದಂತೆ ಬ್ಯಾಟರಿಯ ವೈರು ಕಳಚಿ, ಮೇನ್ ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಮಣೆಯ ಮೇಲೆ ಇಟ್ಟ. ಅಷ್ಟರಲ್ಲಿ ಅತ್ತೆಯವರು ಬಂದು ಪೆಟ್ಟಿಗೆಯ ಒಳಗಿನ ಸ್ವಿಚ್ಚುಗಳಿಗೂ ಕುಂಕುಮ ಇಟ್ಟರು. ಒಣ ಕುಂಕುಮ ಕಬ್ಬಿಣದ ಮೇಲೆ ನಿಲ್ಲುವುದಿಲ್ಲವೆಂದು ಹರಳೆಣ್ಣೆಯಲ್ಲಿ ಕಲಸಿ, ಧಾರಾಳವಾಗಿಯೇ ಇಟ್ಟರು.

ಪೂಜೆ ಆಯಿತು, ಮಂಗಳಾರತಿ ಆಯಿತು. (ಊಟದ ಹೊತ್ತಿಗಷ್ಟೇ ಬಸ್ಸಿಳಿದ ನಾನು ಇದೊಂದನ್ನೂ ನೋಡಿರಲಿಲ್ಲ.) ಬಾಗಿಲಿಗೆ ಕಟ್ಟಿದ್ದ ಬಣ್ಣದ ಸೀರಿಯಲ್ ಸೆಟ್ಟು ಹೊತ್ತಬೇಕಲ್ಲ? ಮಹದೇವ ಮತ್ತೆ ಮೇನ್ ಆನ್ ಮಾಡಿ, ಅಭ್ಯಾಸಬಲದಿಂದ ಬ್ಯಾಟರಿಯ ವೈರನ್ನೂ ಸಿಕ್ಕಿಸಿ ಶೆಡ್ಡಿಗೆ ಬೀಗ ಹಾಕಿದ. ಫ್ಯಾಕ್ಟರಿಯೇ ರಜಾ ಇರುವಾಗ ಜನರೇಟರಿನ ಮಾತೆಲ್ಲಿ ಬಂತು?

ಆಟೋಮ್ಯಾಟಿಕ್ ಪೆಟ್ಟಿಗೆಗೆ ರಜಾ ಅಂದರೇನೆಂದು ಗೊತ್ತಿರಬೇಕಲ್ಲ!

ಊಟ ಮುಗಿದಿತ್ತು. ಬೀದಿಯಲ್ಲಿ ಪೂಜೆಗೆ ಹೊರಟ ಲಾರಿಯೊಂದು ಮೂತಿಗೆ ಇಡೀ ಬಾಳೆಗಿಡಗಳನ್ನೇ ಕಟ್ಟಿಕೊಂಡು ಬಂದು, ಎದುರು ಮನೆಯ ಸರ್ವಿಸ್ ವೈರನ್ನು ಎಳೆದು ಹಾಕಿತು. ಗಲಾಟೆ. ಯಾರೋ ಸೈಕಲ್ಲಿನಲ್ಲಿ ಹೋಗಿ ಲೈನ್‌ಮನ್ ಚಿನ್ನಸ್ವಾಮಿಯನ್ನು ಕರೆತಂದರು. ಬೆಟ್ಟದ ತಪ್ಪಲಿನ ತಮಿಳು ಮಾತಾಡುವ ಊರಿನವನು. ಹಬ್ಬದ ದಿನವೂ ಗೊಣಗದೆ ಬಂದ. ಮೂಲೆಯ ಟ್ರಾನ್ಸ್‌ಫಾರ್ಮರಿಗೆ ಹೋಗಿ ನಮ್ಮ ಬೀದಿಯ ಫ್ಯೂಸುಗಳನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಫ್ಯೂಸು ತನ್ನ ಜೇಬಿನಲ್ಲಿದ್ದರೆ ಬೇರೆ ಯಾರೂ ತಂದು ಹಾಕಲಾರರು. ಎಲ್ಲ ಲೈನ್‌ಮನ್‌ಗಳ ಧೈರ್ಯವೂ ಅದೇ. ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಕಂಬ ಹತ್ತಿದ.

ಅವನು ಫ್ಯೂಸು ಕಿತ್ತಾಗಲೇ ನಮ್ಮ ಮನೆಯ ಸೀರಿಯಲ್ ಸೆಟ್ಟು ಆರಿತ್ತು. ಅವನು ಕಂಬ ಹತ್ತುವವರೆಗೂ ಹಾಗೇ ಇತ್ತು. ಆಮೇಲೆ ಹಿತ್ತಲಿನಲ್ಲಿ, ಹಬ್ಬಕ್ಕೆ ತೊಳೆದಿದ್ದ ಇಂಜಿನ್ನು ಹತ್ತಾರು ಸಲ ಕೆಮ್ಮಿ, ಗುಡುಗಿ, ಶುರುವಾಯಿತು. ಸೀರಿಯಲ್ ಸೆಟ್ಟು ಮತ್ತೆ ಹೊತ್ತಿಕೊಂಡಿತು.

"ನೋಡುದ್ರಾ ಭಾವ!" ಮಹದೇವನ ಮುಖ ಅರಳಿತು. "ಯಾರಾರ ಎದ್ದೋದ್ವಾ?"

ನಾನೂ ನಕ್ಕೆ. ನಗುತ್ತಲೇ ದೇವರ ಕೋಣೆಯ ಕಡೆ ತಿರುಗಿದೆ. ಆಗ ಕಂಡಿತು ಪಟ್ಟಿ.

ಪಟ್ಟಿ ಇಲ್ಲಿದ್ದರೆ ಪೆಟ್ಟಿಗೆಯಲ್ಲಿ ಏನಿದೆ? ಕೈ ಎತ್ತಿ ತೋರಿಸಿದೆ. ಮಹದೇವ ಪಟ್ಟಿಯನ್ನು ನೋಡಿದ, ಫ್ಯಾಕ್ಟರಿಗೆ ಓಡಿದ, ಹಿಂದೆಯೇ ನಾನು. ಪೆಟ್ಟಿಗೆಯ ಬಾಗಿಲು ತೆರೆದ. ಕೆಳಗಿನ ಸ್ವಿಚ್ಚು ಒಳಕ್ಕೆ ಹಿಡಿದಿತ್ತು. ಮೇಲಿನದು? ಎಣ್ಣೆ ಕುಂಕುಮ ಮೆತ್ತಿಕೊಂಡು ಅಂಟಿ, ಅದೂ ಒಳಕ್ಕೇ ಹಿಡಿದು ಕೂತಿತ್ತು.

"ಅಯ್ಯೋ, ಕಂಬದಲ್ಲಿ ಚಿನ್ನಸಾಮಿ ಅವ್ನ!" ಎಂದವನೇ ಇಂಜಿನ್ ನಿಲ್ಲಿಸಲು ಶೆಡ್ಡಿಗೆ ಓಡಿದ. ಶೆಡ್ಡಿಗೆ ಬೀಗ. ಬೀಗದ ಕೈ ಅತ್ತೆಯವರ ಸೊಂಟದಲ್ಲಿ. (ಪಕ್ಕದಲ್ಲೇ ಇದ್ದ ಮೇನ್ ಆಫ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಬಹುದಿತ್ತು. ಹೊಳೆಯಲಿಲ್ಲ. ಭಯ ಬಿದ್ದಾಗ ನಿಮಗೆ ಎಲ್ಲವೂ ಹೊಳೆಯುತ್ತದೆಯೇ?) "ಅವ್ವಾ, ಬೀಗದ್ ಕೈಯಿ!" ಎಂದು ಅವನು ಕೂಗುತ್ತಿದ್ದರೆ ನಾನು ಬೀದಿಗೆ ಓಡಿದೆ. ಬರಿಗಾಲಲ್ಲಿ.

ಚಿನ್ನಸ್ವಾಮಿ ಕಂಬದ ತುದಿಯಲ್ಲಿದ್ದ. ಹಗ್ಗ ಕೆಳಗೆ ಬಿಟ್ಟು, ಕೆಳಗೆ ನಿಂತಿದ್ದ ಹುಡುಗನೊಬ್ಬ ಕಟ್ಟಿಕೊಟ್ಟ ಹೊಸ ವೈರಿನ ಸುರುಳಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದ. ತಂತಿಗಳು ಅವನ ಭುಜದ ಪಕ್ಕದಲ್ಲೇ ಇದ್ದವು.

"ಮುಟ್ಟಬೇಡ! ಚಿನ್ನಸ್ವಾಮಿ, ತಂತಿ ಮುಟ್ಟಬೇಡ!"

ಇಂಜಿನ್ನಿನ ಸದ್ದಿಗೆ ಅವನಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಬಗ್ಗಿ ನೋಡಿದ.

"ಏನ್ ಸಾ?"

"ಲೈನಿನಲ್ಲಿ ಕರೆಂಟು ಇದೆ!"

ಅವನು ನಕ್ಕುಬಿಟ್ಟ. ಜೇಬು ತಟ್ಟಿ ತೋರಿಸಿದ. "ಫ್ಯೂಸೆಲ್ಲ ನನ್ ಜೇಬ್ಲಿ ಅದ ಸಾ! ಕರೆಂಟು ಎಲ್ಲಿಂದ ಬಂದದು? ನೀವು ಒಳಿಕೋಗಿ ಸಾ, ಬಿಸ್ಲು!"

ನಾನು ಪುಕ್ಕಲನೆಂದು ಹನೂರಿಗೂ ಗೊತ್ತು. ನನ್ನ ಮಾತನ್ನು ಯಾರು ನಂಬಬೇಕು? ಗಂಟಲು ಕಿತ್ತುಹೋಗುವಂತೆ ಕೂಗಿದೆ. ಜನ ಸೇರಿದರು. ಒಬ್ಬನಂತೂ "ಸಾರ್‌ಗ ತಲ ಸುತ್ತು ಬಂದದ, ನೀರ್ ತನ್ನಿ" ಎಂದ. ಮೇಲೆ ಚಿನ್ನಸ್ವಾಮಿ ಸುರುಳಿಯನ್ನು ತೋಳಿಗೆ ಹಾಕಿಕೊಂಡು, ಸೊಂಟದಿಂದ ಕಟಿಂಗ್ ಪ್ಲೇಯರ್ ತೆಗೆದು, ಬರಿಯ ಎಡಗೈಯನ್ನು ತಂತಿಯ ಕಡೆ ಚಾಚಿದ. ನಾನು ಕಣ್ಣು ಮುಚ್ಚಿಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನೋಡುವ ಧೈರ್ಯ ನನಗಿರಲಿಲ್ಲ.

ಆಗ ಹಾಡು ಕೇಳಿಸಿತು.

ಕಂಬದ ಬುಡದಲ್ಲೇ ದರ್ಜಿಯ ಅಂಗಡಿ. ಅವನ ಹಳೆಯ ವಾಲ್ವ್ ರೇಡಿಯೋ, ಕರೆಂಟು ಹೋದಾಗ ಬಾಯಿ ಮುಚ್ಚಿದ್ದು, ಈಗ ನಿಧಾನವಾಗಿ ಬಿಸಿಯಾಗಿ ಬಾಯಿ ಬಿಟ್ಟಿತ್ತು. ಮೊದಲು ಗೊರಗೊರ. ಆಮೇಲೆ ಹೆಂಗಸೊಬ್ಬಳ ದನಿ, ದೇವರ ನಾಮ.

ಕಣ್ಣು ತೆರೆದೆ. ಚಿನ್ನಸ್ವಾಮಿಯ ಕೈ ಗಾಳಿಯಲ್ಲೇ ನಿಂತಿತ್ತು. ಕರೆಂಟಿಲ್ಲದ ಬೀದಿಯಲ್ಲಿ ರೇಡಿಯೋ ಹಾಡಬಾರದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಂತಿಗೂ ಬೆರಳಿಗೂ ನಡುವೆ ಎಷ್ಟು ಜಾಗ ಇತ್ತೆಂದು ನಾನು ಹೇಳಲಾರೆ. ಒಂದು ನಿಂಬೆಹಣ್ಣು ಹಿಡಿಸುತ್ತಿತ್ತೇನೋ. ಅವನು ಕೈಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ಎದೆಗೆ ತಂದುಕೊಂಡ. ಕಂಬವನ್ನು ತಬ್ಬಿಕೊಂಡ.

ರೇಡಿಯೋದ ಹೆಂಗಸು ಹಾಡುತ್ತಲೇ ಇದ್ದಳು. ಒಂದು ನುಡಿ ಮುಗಿಸಿ ಇನ್ನೊಂದಕ್ಕೆ ಹೋದಳು. ಕೊನೆಗೆ ಶೆಡ್ಡಿನ ಬೀಗ ತೆಗೆದರೆಂದು ಕಾಣುತ್ತದೆ. ಇಂಜಿನ್ನು ನಿಂತಿತು. ಹಾಡೂ ನಿಂತಿತು.

ಆದರೂ ಅವನು ಇಳಿಯಲಿಲ್ಲ. ಮಹದೇವ ಬಂದು ಪಟ್ಟಿಯಿಲ್ಲದ ಪೆಟ್ಟಿಗೆಯ ಕಥೆಯನ್ನೆಲ್ಲ ಕೂಗಿ ಹೇಳಿ, "ಮೇನೂ ಆಫ್ ಮಾಡಿವ್ನಿ ಕಣ, ಇಳಿಯಪ್ಪ, ತಪ್ಪಾಯ್ತು" ಎಂದು ಕೈಮುಗಿದ ಮೇಲೆ ಒಂದೊಂದೇ ಹೆಜ್ಜೆ ಇಳಿದು ಬಂದು ಬುಡದಲ್ಲಿ ಕುಸಿದು ಕೂತ.

ಅತ್ತೆಯವರು ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದು ಕೈಯಲ್ಲಿ ಪುರಿಕಡ್ಲೆಯ ತಟ್ಟೆ ಹಿಡಿದು ಬಂದರು.

"ಪೂಜ ಮಾಡಿದ್ಕೇಯ ಉಳ್ಕಂಡ ಕಣಪ್ಪ ನೀನು. ಆ ಬೆಟ್ಟದ ಮಾದಪ್ಪನೇ ಕಾಯ್ದ" ಎಂದರು.

ಮಹದೇವ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಪೂಜೆ ಮಾಡದಿದ್ದರೆ ಪಟ್ಟಿ ಪೆಟ್ಟಿಗೆಯಲ್ಲೇ ಇರುತ್ತಿತ್ತು ಎಂದು ಆ ತಾಯಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಚಿನ್ನಸ್ವಾಮಿ ನೀರು ಕುಡಿದ.

"ನಮ್ ಮನೇಲ್ ಹೇಳ್ಬ್ಯಾಡಿ ಸಾ," ಎಂದ ನನಗೆ. "ನಮ್ ಎಂಡ್ರು ಮೊದ್ಲೇ ಈ ಕೆಲ್ಸ ಬ್ಯಾಡ ಅಂತಾಳ."

ಪಟ್ಟಿ ಅಂದೇ ಸಂಜೆ ಪೆಟ್ಟಿಗೆಗೆ ವಾಪಸ್ಸಾಯಿತು. ಪೂಜೆ ಕದಲಿಸದೆ ಮುಟ್ಟಬಾರದೆಂದು ಅತ್ತೆಯವರು ಅಡ್ಡ ಬಂದರು. ಮಹದೇವ ಹುಟ್ಟಿದ ಮೇಲೆ ಮೊದಲ ಸಲ ತಾಯಿಯ ಮಾತು ಮೀರಿದ. ಕುಂಕುಮವನ್ನೆಲ್ಲ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ. ಪಟ್ಟಿಯ ಸ್ಕ್ರೂಗಳನ್ನು ಎರಡೆರಡು ಸಲ ಬಿಗಿಮಾಡಿದ.

ನನಗೆ ಮಾತ್ರ ಅಂದಿನಿಂದ ನಿದ್ದೆ ಸರಿಯಿಲ್ಲ. ಹೆದರಿಕೆ ಪೆಟ್ಟಿಗೆಯದಲ್ಲ. ಅದು ತನ್ನ ಕೆಲಸ ತಾನು ಮಾಡಿತು. ನಮ್ಮಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ದಡ್ಡರಲ್ಲ. ಎಲ್ಲರೂ ಭಕ್ತಿಯಿಂದ, ಪ್ರೀತಿಯಿಂದ, ತಮಗೆ ಸರಿ ಕಂಡದ್ದನ್ನೇ ಮಾಡಿದ್ದೆವು. ಅಷ್ಟಕ್ಕೇ ಒಬ್ಬ ಮನುಷ್ಯ ಸಾಯಬಹುದಿತ್ತು. ಇದಕ್ಕಿಂತ ಹೆದರಿಕೆಯ ಸಂಗತಿ ಬೇರೆ ಯಾವುದಿದೆ ಹೇಳಿ?

ಮೊನ್ನೆ ಮತ್ತೆ ಹನೂರಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಚಿನ್ನಸ್ವಾಮಿ ಸಿಕ್ಕ. "ಈಗ ಹೇಗಪ್ಪ ಕಂಬ ಹತ್ತುತ್ತೀಯ?" ಎಂದೆ.

"ಕೇಳ್ಕಂಡು ಅತ್ತೀನಿ ಸಾ. ಬೀದಿಲಿ ಎಲ್ಲೆಲ್ಲಿ ಜನರೇಟರ್ ಅದ, ಎಲ್ಲಾ ಮನ ಬಾಗ್ಲೂ ತಟ್ಟಿ ಆಫ್ ಮಾಡ್ಸಿ, ಆಮ್ಯಾಕ ಅತ್ತೀನಿ."

ಸಮಾಧಾನವಾಯಿತು. ಆ ಸಮಾಧಾನ ನಿನ್ನೆಯವರೆಗೂ ಇತ್ತು. ನಿನ್ನೆ ಯಳಂದೂರಿನ ಗೆಳೆಯರೊಬ್ಬರು ಮನೆಗೆ ಬಂದಿದ್ದರು. ಅವರೂ ಮಹದೇವನದಂಥದೇ ಪೆಟ್ಟಿಗೆ ಹಾಕಿಸಿದ್ದಾರಂತೆ. "ಇನ್ನು ನಿಶ್ಚಿಂತೆ. ಮನೆಗೆ ಬೀಗ ಹಾಕಿ ಎಲ್ಲರೂ ಮೈಸೂರಿಗೆ ಹೋದರೂ ಅದರ ಪಾಡಿಗೆ ಅದು ನೋಡಿಕೊಳ್ಳುತ್ತದೆ" ಎಂದು ಕಾಫಿ ಕುಡಿಯುತ್ತಾ ಹೇಳಿದರು.

ಅವರ ಬೀದಿಯ ಲೈನ್‌ಮನ್ ಯಾರ ಬಾಗಿಲು ತಟ್ಟಬೇಕು?