ಮಳೆಗೆ ಕಾದ ಕಾಯಿ

ಆ ಬೆಳಿಗ್ಗೆ ವೈಯಾಲಿಕಾವಲಿನ ನಮ್ಮ ಬೀದಿಯ ಖಾಲಿ ಸೈಟಿನ ಮುಂದೆ ಮೂವರಿದ್ದೆವು: ಕಳೆ ಕತ್ತರಿಸುವ ಮೆಷಿನ್ ಹೊತ್ತ ಆಳು, ಹಾಲು ತರಲು ಹೊರಟ ನಾನು, ಎದುರು ಮನೆಯ ಹಿಂದಿ ಟೀಚರ್.

ಸೈಟಿನ ತುಂಬ ನೇರಳೆ ಹೂವಿನ ಕಾಡುಗಿಡಗಳು ಹೂ ಉದುರಿಸಿ, ಕಂದು ಕಾಯಿ ಹೊತ್ತು ನಿಂತಿದ್ದವು. ನೀರು ತಾಗಿದರೆ ಪಟ್ಟೆಂದು ಸಿಡಿದು ಬೀಜ ಎಸೆಯುವ ಕಾಯಿ. ಬೇಸಿಗೆ ಮಳೆಗೆ ನಾವೆಲ್ಲ ಒಳಗೆ ಓಡಿದರೆ, ಟೀಚರ್ ಕೊಡೆ ಹಿಡಿದು ಆ ಸದ್ದು ಕೇಳಲು ಬರುತ್ತಿದ್ದರು. ಒಣಗಿಹೋಗಿದೆಯಲ್ಲ ಅಂದರೆ ಒಂದು ಕಾಯಿಯನ್ನು ನಮ್ಮ ಅಂಗೈಗಿಟ್ಟು, "ಇನ್ನೂ ಮುಗಿದಿಲ್ಲ, ಇರಿ" ಅನ್ನುತ್ತಿದ್ದರು.

"ಸಂಜೆ ಮಳೆ ಬರತ್ತೆ, ನಾಳೆ ಕತ್ತರಿಸಪ್ಪ," ಅಂದರು ಆಳಿಗೆ. "ಇದು ಸಿಡೀದೆ ಹೋದ್ರೆ ಮುಂದಿನ ವರ್ಷ ಇಲ್ಲಿ ಹೂವೇ ಇರಲ್ಲ."

"ನಾಳೆ ಮತ್ತಿಕೆರೆ ಡ್ಯೂಟಿ ಅಮ್ಮ. ಈಗ್ಲೇ ಮಳೆ ನಾನೆಲ್ಲಿಂದ ತರ್ಲಿ?"

"ನೀನ್ಯಾಕೆ, ನಾನೇ ತರ್ತೀನಿ."

ಬಕೆಟ್ ತಂದು, ಅಂಗಳಕ್ಕೆ ನೀರು ಚಿಮುಕಿಸುವ ಹಾಗೆ ಎರಚಿದರು. ಏನೂ ಆಗಲಿಲ್ಲ. ಅವನು ನಕ್ಕ.

"ಇನ್ನೂ ಮುಗಿದಿಲ್ಲ, ಇರು."

ಆಮೇಲೆ ಒಗ್ಗರಣೆಯ ಸಾಸಿವೆಯಂತೆ ಸೈಟೆಲ್ಲ ಚಟಪಟ. ಬೀಜಗಳು ಅವನ ಹೆಲ್ಮೆಟ್ಟಿಗೂ ಬಡಿದವು.

"ಈಗ ಕತ್ತರಿಸು," ಅಂದರು ಟೀಚರ್.

ಮರುವರ್ಷ ಅವನು ಬಂದಾಗ ಟೀಚರ್ ಊರಲ್ಲಿರಲಿಲ್ಲ. ಮೆಷಿನ್ ಕೆಳಗಿಟ್ಟು, ನಮ್ಮ ಗೇಟು ತಟ್ಟಿ, ಒಂದು ಬಕೆಟ್ ನೀರು ಕೇಳಿದ.