ಇನ್ನೂರ ಹನ್ನೆರಡನೇ ಬಿಲ್ಲೆ

ಹೌರಾ ಕಡೆಯ ಶ್ರೀರಾಮಪುರದ ಬಾಂಧವ ವಾಚನಾಲಯಕ್ಕೆ ಹೊಸದಾಗಿ ಸದಸ್ಯರಾಗಬೇಕಾದರೆ ಹಳೆಯ ಸದಸ್ಯರಲ್ಲಿ ಯಾರಾದರೂ ಸಾಯಬೇಕಿತ್ತು. ನಿಯಮಾವಳಿಯಲ್ಲಿ ಹಾಗೆ ಬರೆದಿರಲಿಲ್ಲ, ಊರಿಗೆಲ್ಲ ಗೊತ್ತಿತ್ತು. ಸ್ಥಾಪಕರು ಅಂಕಿ ಕೊರೆಸಿದ ಮುನ್ನೂರು ಹಿತ್ತಾಳೆ ಬಿಲ್ಲೆಗಳನ್ನು ಮಾಡಿಸಿಟ್ಟು ಕಣ್ಣು ಮುಚ್ಚಿದ್ದರು. ಮುನ್ನೂರ ಒಂದನೆಯದನ್ನು ಮಾಡಿಸಿದರೆ ಅವರ ಆತ್ಮಕ್ಕೆ ಅವಮಾನವಾಗುತ್ತದೆಂದು ಆಡಳಿತ ಸಮಿತಿ ಮೂರು ತಲೆಮಾರಿನಿಂದ ನಂಬಿಕೊಂಡು ಬಂದಿತ್ತು. ಪುಸ್ತಕ ಬೇಕಾದವರು ಬಿಲ್ಲೆ ಕೊಡಬೇಕು. ಅದು ಕಾರ್ಯದರ್ಶಿಯ ಬೆನ್ನ ಹಿಂದಿನ ಹಲಗೆಯಲ್ಲಿ ತನ್ನ ಮೊಳೆಗೆ ನೇತುಬೀಳಬೇಕು. ಪುಸ್ತಕ ವಾಪಸು ಬಂದ ದಿನ ಬಿಲ್ಲೆಯೂ ಯಜಮಾನನ ಜೇಬಿಗೆ ಮರಳಬೇಕು. ಯಾರಿಗಾದರೂ ಬಿಲ್ಲೆ ಸಿಕ್ಕಿತೆಂದು ತಿಳಿದರೆ ಚಹಾದಂಗಡಿಯ ಬೆಂಚು ಅಭಿನಂದನೆ ಹೇಳುತ್ತಿರಲಿಲ್ಲ. "ಯಾರು ಹೋದ್ರು?" ಎಂದು ಕೇಳುತ್ತಿತ್ತು.

ಚೈತಾಲಿ ನಂದಿ, ಮನೆಯಲ್ಲಿ ಟುಕಿ, ಎಂಬತ್ತೇಳನೇ ಬಿಲ್ಲೆಯ ಒಡತಿ. ಅದು ಅವಳ ಅಜ್ಜಿಯದು. ಅಜ್ಜಿಯ ಹದಿಮೂರನೇ ದಿನದ ಊಟ ಮುಗಿಸಿ ಕೈ ತೊಳೆದವಳೇ ಬಿಲ್ಲೆ ಹಿಡಿದು ವಾಚನಾಲಯಕ್ಕೆ ಓಡಿದ ಹುಡುಗಿ ಎಂದು ನೆಂಟರು ಈಗಲೂ ಆಡಿಕೊಳ್ಳುತ್ತಾರೆ. ಆಗ ಅವಳಿಗೆ ಹನ್ನೊಂದು. ಅಣ್ಣ ದೇಬೇಶ್ ಅಷ್ಟರಲ್ಲಿ ಇನ್ನೂರ ಹನ್ನೆರಡರ ಯಜಮಾನ. ಆ ಬಿಲ್ಲೆಯನ್ನು ಕಚ್ಚಿ ಕಚ್ಚಿ ಅಂಚು ನೆಗ್ಗಿಸಿದ್ದ. ಕಿಶೋರರ ರಹಸ್ಯ ಕಾದಂಬರಿಗಳ ಕಪಾಟು ಅವರಿಬ್ಬರದೇ ಆಸ್ತಿಯಾಗಿತ್ತು.

ಟುಕಿ ಓದುವುದನ್ನು ನೋಡುವುದೇ ಒಂದು ತಮಾಷೆ ಎಂದು ಅಣ್ಣ ಹೇಳುತ್ತಿದ್ದ. ನೆಲಮಾಳಿಗೆಯ ಬಾಗಿಲ ಹತ್ತಿರ ಕತೆ ಬಂತೆಂದರೆ ಅವಳ ಕಾಲ್ಬೆರಳು ಮಡಚಿಕೊಳ್ಳುತ್ತಿದ್ದವು. ಜಡೆಯ ತುದಿ ಬಾಯಿಗೆ ಹೋಗುತ್ತಿತ್ತು. ಕಣ್ಣು ಕೆಳಗಿನ ಸಾಲಿಗೆ ಹಾರಬಾರದೆಂದು ಪುಟದ ಅರ್ಧವನ್ನು ಭೂಗೋಳದ ಪುಸ್ತಕದಿಂದ ಮುಚ್ಚಿಕೊಳ್ಳುತ್ತಿದ್ದಳು. ಭೂಗೋಳ ಅವಳಿಗೆ ಉಪಯೋಗಕ್ಕೆ ಬಂದದ್ದು ಅಷ್ಟೇ. ತಡೆಯಲಾರದಷ್ಟಾದಾಗ ಪುಸ್ತಕ ಬೋರಲು ಹಾಕಿ ಎದ್ದು ನೀರು ಕುಡಿದು ಬರುತ್ತಿದ್ದಳು. "ಕೊಲೆಗಾರ ಓಡಿ ಹೋಗ್ತಾನೆ, ಬೇಗ ಕುಡಿದು ಬಾರೇ," ಎಂದು ಅಣ್ಣ ಕೂಗುತ್ತಿದ್ದ. ಕೊನೆಯ ಪುಟವನ್ನು ಮೊದಲು ನೋಡುವವರನ್ನು ಅವಳು ಕಳ್ಳರಿಗಿಂತ ಕಡೆಯಾಗಿ ಕಾಣುತ್ತಿದ್ದಳು.

ಎರಡು ವರ್ಷದ ಹಿಂದಿನ ಡಿಸೆಂಬರಿನಲ್ಲಿ ದೇಬೇಶ್ ಕಾಲೇಜಿನ ಪರೀಕ್ಷಾ ಅರ್ಜಿ ತುಂಬಿ ಬರುತ್ತೇನೆಂದು ಹೋದ. ಅರ್ಜಿ ತುಂಬಿರಲಿಲ್ಲ, ಮನೆಗೂ ಬರಲಿಲ್ಲ. ಜಗಳ ಆಗಿರಲಿಲ್ಲ, ಚೀಟಿ ಇರಲಿಲ್ಲ, ಹುಡುಗಿ ಇರಲಿಲ್ಲ. ಠಾಣೆಯಲ್ಲಿ ಬರೆದುಕೊಂಡರು. ಹೋಮಿಯೋಪತಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಅಪ್ಪ ನೀಹಾರ ಬಾಬು ದಿನಾ ಸಂಜೆ ಹೆಂಡತಿಗೆ ಒಂದೇ ಮಾತು ಹೇಳುತ್ತ ಬಂದರು: "ಈ ವಯಸ್ಸಿನ ಹುಡುಗ್ರು ಬೊಂಬಾಯಿ ಕಡೆ ಹೋಗ್ತಾರೆ, ಬರ್ತಾರೆ." ಔಷಧಿಯ ಸಕ್ಕರೆ ಗುಳಿಗೆಯಂತೆ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದ ಮಾತು.

ಅಲ್ಲಿಂದ ಟುಕಿಯ ಓದು ತಿರುಗಿಬಿತ್ತು. ಯಾರನ್ನು ಕಡೆಯಾಗಿ ಕಂಡಿದ್ದಳೋ ಅಂಥವರಲ್ಲಿ ತಾನೂ ಒಬ್ಬಳಾದಳು: ಕಪಾಟಿನ ಮುಂದೆ ನಿಂತೇ ಕೊನೆಯ ಪುಟ ತೆರೆದು, ಕಾಣೆಯಾದವರು ಸಿಕ್ಕಿದರೇ ಎಂದು ನೋಡಿ, ಸಿಕ್ಕಿದ್ದರೆ ಮಾತ್ರ ಮನೆಗೆ ಒಯ್ಯುವಳು. ಮೂವತ್ತೊಂದು ಕಾದಂಬರಿಗಳಲ್ಲಿ ಇಪ್ಪತ್ತೊಂಬತ್ತು ಜನ ಸಿಕ್ಕಿದ್ದರು. ಒಬ್ಬ ವೇಷಧಾರಿ. ಒಬ್ಬ ಸತ್ತಿದ್ದ, ಆ ಪುಸ್ತಕವನ್ನು ಎಟುಕದ ಮೇಲಿನ ಅಂಕಣದಲ್ಲಿಡಿ ಎಂದು ಕಾರ್ಯದರ್ಶಿ ಫಟಿಕ್ ಕಾಕುವಿಗೆ ಹೇಳಿದಳು. ಅವರು ಕಾರಣ ಕೇಳದೆ ಇಟ್ಟರು. ಊರ ಮಕ್ಕಳೆಲ್ಲ ಕಾಕು, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದ ಫಟಿಕ್ ಸಮಾದ್ದಾರ್ ಕಾರಣ ಕೇಳುವವರಲ್ಲ, ನಿಯಮ ಹೇಳುವವರು.

ಟುಕಿಗೆ ಇಪ್ಪತ್ತೊಂಬತ್ತು ಸಾಕಾಗಿತ್ತು. ಎಲ್ಲ ಪುಸ್ತಕದಲ್ಲೂ ಹೋದವರು ಏನಾದರೂ ಸುಳಿವು ಬಿಟ್ಟೇ ಹೋಗುತ್ತಾರೆ. ಮನೆಯವರು ದಡ್ಡರಾದ್ದರಿಂದ ಅದು ಕಾಣುವುದಿಲ್ಲ. ಅಣ್ಣ ಬಿಟ್ಟದ್ದೇನಿದೆ? ಓದಿದ ಪುಸ್ತಕಗಳು. ಪ್ರತಿ ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಒಯ್ದವರ ಬಿಲ್ಲೆಯ ಅಂಕಿ, ಒಯ್ದ ತಾರೀಖು ಇರುತ್ತಿತ್ತು. ಅವಳು ಇನ್ನೂರ ಹನ್ನೆರಡನ್ನು ಹುಡುಕುತ್ತ, ಅವನು ಓದಿದ ಕ್ರಮದಲ್ಲೇ ಓದತೊಡಗಿದಳು.

ಈ ವರ್ಷ ಆಗಸ್ಟಿನ ಒಂದು ಸಂಜೆ 'ನೀಲಿಕೋಠಿಯ ಮೂಕ ಗಂಟೆ'ಯ ಚೀಟಿಯಲ್ಲಿ ಇನ್ನೂರ ಹನ್ನೆರಡು ಸಿಕ್ಕಿತು. ತಾರೀಖು ಜುಲೈ ಒಂಬತ್ತು. ಈ ವರ್ಷದ್ದು.

ಕಾಲ್ಬೆರಳು ಮಡಚಿಕೊಂಡವು. ಎದ್ದು ಹೋಗಿ ನೀರು ಕುಡಿದು ಬಂದಳು. ಅಂಕಿ ಹಾಗೇ ಇತ್ತು. ಬಿಲ್ಲೆ ಅಣ್ಣನ ಜೇಬಿನಲ್ಲೇ ಹೋಗಿತ್ತೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಬಿಲ್ಲೆ ಇಲ್ಲದೆ ಬಾಂಧವ ವಾಚನಾಲಯದಿಂದ ಸ್ಥಾಪಕರ ದೆವ್ವ ಬಂದರೂ ಪುಸ್ತಕ ಒಯ್ಯುವಂತಿರಲಿಲ್ಲ. ಮರುದಿನ ಹಲಗೆ ನೋಡಿದಳು. ಮುನ್ನೂರು ಮೊಳೆಗಳ ನಡುವೆ, ಕೆಳಗಿನ ಸಾಲಿನಲ್ಲಿ, ಅಂಚು ನೆಗ್ಗಿದ ಬಿಲ್ಲೆ ನೇತಾಡುತ್ತಿತ್ತು. ಅಣ್ಣನ ಹಲ್ಲಿನ ಗುರುತು.

ಫಟಿಕ್ ಕಾಕುವನ್ನು ಒಂದು ಮಾತು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಾಧಾರಣ ಹುಡುಗಿ ಕೇಳುತ್ತಿದ್ದಳು. ಆದರೆ ಮುನ್ನೂರು ರಹಸ್ಯ ಕಾದಂಬರಿ ಓದಿದವಳು ಕೇಳುವುದು ಹೇಗೆ? ನೇರವಾಗಿ ಕೇಳಿದವರು ಮೂರನೇ ಅಧ್ಯಾಯದಲ್ಲೇ ಕೆಲಸ ಕೆಡಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ಅಣ್ಣ ಕದ್ದು ಬಂದು ಹೋಗುತ್ತಿದ್ದಾನೆಂದರೆ ಹೆದರಿಕೆಯಿಂದಿದ್ದಾನೆ. ಸುದ್ದಿ ಹಬ್ಬಿದರೆ ಮತ್ತೆ ಬರಲಾರ.

ಅವಳು ಪುಸ್ತಕವನ್ನೇ ಜಾಲಾಡಿದಳು. ನೂರ ಹದಿನಾರನೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ 4-47 ಎಂದು ಬರೆದು ಅಡಿಗೆರೆ ಎಳೆದಿತ್ತು. ನಾಲ್ಕರ ಬಾಯಿ ಬಿಟ್ಟುಕೊಂಡಿತ್ತು. ಅಣ್ಣನ ನಾಲ್ಕೂ ಹಾಗೇ ಇರುತ್ತಿತ್ತೆಂದು ಅವಳಿಗೆ ಎರಡೇ ನಿಮಿಷದಲ್ಲಿ ನೆನಪಾಯಿತು. ಊರಿನ ಅರ್ಧ ಜನರ ನಾಲ್ಕು ಹಾಗಿರುತ್ತದೆಂಬುದು ನೆನಪಾಗಲಿಲ್ಲ. ನಾಲ್ಕು ನಲವತ್ತೇಳಕ್ಕೆ ಹೌರಾ ಕಡೆಯಿಂದ ಲೋಕಲ್ ಗಾಡಿ ಬರುತ್ತದೆ.

ಆಗ ಅವಳು ಮಾಡಬಾರದ್ದನ್ನು ಮಾಡಿದಳು. ಅಮ್ಮನಿಗೆ ಹೇಳಿದಳು.

ಎರಡು ವರ್ಷದಿಂದ ಸೆರಗಿನ ಗಂಟಿನಷ್ಟು ಮುದುಡಿದ್ದ ಅಮ್ಮ ಅವತ್ತು ತಲೆಗೆ ಎಣ್ಣೆ ಹಚ್ಚಿಕೊಂಡಳು. ಅಪ್ಪನಿಗೆ ಹೇಳಬೇಡ, ಗಂಡಸರು ಗದ್ದಲ ಮಾಡಿ ಓಡಿಸಿಬಿಡುತ್ತಾರೆ ಎಂದಳು. ಒಂಬತ್ತು ದಿನ ತಾಯಿ ಮಗಳು ತರಕಾರಿ ತರುವ ನೆಪದಲ್ಲಿ ನಾಲ್ಕು ನಲವತ್ತೇಳರ ಗಾಡಿಗೆ ನಿಂತರು. ಮನೆಯಲ್ಲಿ ಬದನೆಕಾಯಿ ತಿಂದು ಮುಗಿಯದಷ್ಟಾಯಿತು. ಹತ್ತನೇ ದಿನ ಅಮ್ಮ ತಾನೇ ದಾರಿ ಕಂಡುಕೊಂಡಳು: "ಈಗ ಒಯ್ದಿರೋ ಪುಸ್ತಕ ವಾಪಸ್ ಕೊಡೋಕೆ ಬರಲೇಬೇಕಲ್ಲ ಟುಕಿ. ನಿಮ್ಮ ಫಟಿಕ್ ಹದಿನಾಲ್ಕು ದಿನದ ಮೇಲೆ ಒಂದು ಘಳಿಗೆ ಬಿಡೋನಲ್ಲ."

ಬಿಲ್ಲೆ ಇನ್ನೂ ಮೊಳೆಯಲ್ಲೇ ಇತ್ತು. ಅದನ್ನು ಅಲ್ಲಿ ಮೊದಲು ಕಂಡ ದಿನದಿಂದ ಎಣಿಸಿದರೆ ಹದಿನಾಲ್ಕನೇ ದಿನ ಸೆಪ್ಟೆಂಬರಿನ ಒಂದು ಶನಿವಾರಕ್ಕೆ ಬಿತ್ತು. ಅಮ್ಮ ಬೆಳಿಗ್ಗೆಯೇ ಹಾಲು ಕಾಯಿಸಿ ಪಾಯಸಕ್ಕಿಟ್ಟಳು. ಟುಕಿ ಐದಕ್ಕೆ ವಾಚನಾಲಯದ ಬಾಗಿಲು ತೆರೆಯುವಾಗಲೇ ಒಳಹೊಕ್ಕು, ವಿಶ್ವಕೋಶಗಳ ಕಪಾಟಿನ ಹಿಂದೆ ಕೂತಳು. ಆ ಜಾಗಕ್ಕೆ ಯಾರೂ ಬರುವುದಿಲ್ಲ. ವಿಶ್ವಕೋಶ ಇರುವುದು ಊರಿನ ಗೌರವಕ್ಕೆ.

ಏಳು ಗಂಟೆಗೆ ಹತ್ತು ನಿಮಿಷವಿರುವಾಗ ಪಕ್ಕದ ಬಾಗಿಲಿನಿಂದ ಕೊಡೆಯೊಂದು ಮೊದಲು ಬಂತು. ಅದರ ಹಿಂದೆ ಅನಂಗಮೋಹನ ಚಾಕ್ಲಾದಾರ್ ಬಂದರು.

ಅನಂಗ ಮಾಸ್ಟರು ಅವಳ ಶಾಲೆಯ ಗಣಿತದ ಮೇಷ್ಟ್ರು, ಶಿಸ್ತು ಸಮಿತಿಯ ಅಧ್ಯಕ್ಷರು. ರಹಸ್ಯ ಕಾದಂಬರಿಗಳು ಎಳೆಯ ಮಿದುಳಿಗೆ ಹತ್ತುವ ಗೆದ್ದಲು ಎಂದು ಪ್ರತಿ ಸೋಮವಾರ ಪ್ರಾರ್ಥನೆಯಾದ ಮೇಲೆ ಹೇಳುತ್ತಿದ್ದರು. ಟುಕಿಯ ಚೀಲದಿಂದಲೇ ಎರಡು ಸಲ ಗೆದ್ದಲು ಕಿತ್ತುಕೊಂಡಿದ್ದರು. ಕಿತ್ತುಕೊಂಡದ್ದು ಎಂಟು ದಿನಕ್ಕೆ ಮೊದಲು ಹಿಂತಿರುಗುತ್ತಿರಲಿಲ್ಲ. ಈಗ ಅವರು ಬಸಳೆ ಸೊಪ್ಪಿನ ಚೀಲದ ಅಡಿಯಿಂದ, ಪಂಚಾಂಗದ ರಟ್ಟು ಹಾಕಿದ ಪುಸ್ತಕವೊಂದನ್ನು ಹೊರತೆಗೆದು ಮೇಜಿನ ಮೇಲಿಟ್ಟರು.

"ಈ ಲೇಖಕರಿಗೆ ರೈಲ್ವೆ ವೇಳಾಪಟ್ಟಿನೇ ಗೊತ್ತಿಲ್ಲ ಫಟಿಕ್," ಎಂದರು. "ಜುಲೈನಲ್ಲಿ ಒಯ್ದ 'ಮೂಕ ಗಂಟೆ'ಯಲ್ಲೂ ಹಾಗೇ. ನಾಲ್ಕು ಗಂಟೆ ಗಾಡೀಲಿ ಹೊರಟ ಖೂನಿ ಮಾಡಿದೋನು ನಾಲ್ಕು ಇಪ್ಪತ್ತಕ್ಕೆ ಇಳೀತಾನಂತೆ. ಲೆಕ್ಕ ಹಾಕಿ ಪಕ್ಕದಲ್ಲಿ ಬರೆದಿಟ್ಟೆ, ನಾಲ್ಕು ನಲವತ್ತೇಳಕ್ಕಿಂತ ಮುಂಚೆ ಸಾಧ್ಯವೇ ಇಲ್ಲ."

ಫಟಿಕ್ ಕಾಕು ಮೊಳೆಯಿಂದ ಇನ್ನೂರ ಹನ್ನೆರಡನ್ನು ಬಿಡಿಸಿ ಅವರ ಅಂಗೈಗೆ ಹಾಕಿದರು.

ಟುಕಿ ಕಪಾಟಿನ ಹಿಂದಿನಿಂದ ಎದ್ದು ಬಂದಳು. ಅನಂಗ ಮಾಸ್ಟರು ಅವಳನ್ನು ಕಂಡದ್ದೇ ಪುಸ್ತಕದ ಮೇಲೆ ಬಸಳೆ ಎಳೆದುಕೊಂಡರು. ಶತ್ರುವನ್ನು ಗೆಲ್ಲಬೇಕಾದರೆ ಶತ್ರುವನ್ನು ಅಭ್ಯಾಸ ಮಾಡಬೇಕಾಗುತ್ತದೆ, ತಾವು ಆರು ತಿಂಗಳಿಂದ ಆ ಅಪ್ರಿಯ ಕರ್ತವ್ಯ ಮಾಡುತ್ತಿದ್ದೇವೆ ಎಂದು ಸೋಮವಾರದ ದನಿಯಲ್ಲಿ ಶುರುಮಾಡಿದರು. ಅವಳು ಅವರ ಮುಖ ನೋಡುತ್ತಿರಲಿಲ್ಲ. ಅಂಗೈಯನ್ನು ನೋಡುತ್ತಿದ್ದಳು.

"ಅದು ಅಣ್ಣನ ಬಿಲ್ಲೆ," ಎಂದಳು. "ನಿಮಗೆ ಹೆಂಗೆ ಬಂತು?"

ಮಾಸ್ಟರು ಫಟಿಕ್ ಕಾಕುವನ್ನು ನೋಡಿದರು. ಮಾಸ್ಟರಿಗೂ ಅದು ಗೊತ್ತಿರಲಿಲ್ಲ, ಏಳು ವರ್ಷ ಕಾದು ಬಿಲ್ಲೆ ಪಡೆದವರು ಯಾರದೆಂದು ಕೇಳಲು ಹೋಗುವುದಿಲ್ಲ. ಫಟಿಕ್ ಕಾಕು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಸದಸ್ಯರ ವಿವರ ಹೇಳುವಂತಿಲ್ಲ ಎಂದು ಹದಿನೇಳನೇ ನಿಯಮದ ಅರ್ಧದವರೆಗೆ ಹೋಗಿ, ಅವರ ಜೀವಮಾನದಲ್ಲಿ ಮೊದಲ ಸಲ, ನಿಯಮವನ್ನು ಅಲ್ಲೇ ಬಿಟ್ಟರು.

"ನಿಮ್ಮಪ್ಪನೇ ತಂದು ಕೊಟ್ರು ಮಗಾ. ಮಾರ್ಚ್‌ನಲ್ಲಿ. ಯಾವ್ದೋ ಹಳೇ ಅಂಗಿ ಜೇಬಲ್ಲಿ ಸಿಕ್ತಂತೆ. ನಾನು, ಇರ್ಲಿ ನೀಹಾರ್‌ದಾ, ಹುಡುಗ ಬಂದ್ರೆ ಬೇಕಾಗುತ್ತೆ ಅಂದೆ." ಅವರು ಹಲಗೆಯ ಕಡೆ ತಿರುಗಿ, ಸರಿಯಾಗಿಯೇ ಇದ್ದ ಒಂದು ಬಿಲ್ಲೆಯನ್ನು ಸರಿಪಡಿಸಿದರು. "ಯಾರಿಗಾದ್ರೂ ಕೊಟ್ಬಿಡು ಫಟಿಕ್, ಸುಮ್ನೆ ಯಾಕೆ ಬಿದ್ದಿರ್ಬೇಕು ಅಂದ್ರು. ಸಹಿ ಹಾಕಿ ಹೋದ್ರು."

ಅನಂಗ ಮಾಸ್ಟರು ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಅವಳ ಕಡೆ ಸರಿಸಿದರು. ನೀನಿಟ್ಟುಕೋ ಎಂಬಂತೆ ಸನ್ನೆ ಮಾಡಿದರು. ಅದರ ಮೇಲಿನ ಹಲ್ಲುಗುರುತನ್ನು ಟುಕಿ ಬೆರಳಿನಿಂದ ಒಮ್ಮೆ ಮುಟ್ಟಿದಳು. ತೆಗೆದುಕೊಳ್ಳಲಿಲ್ಲ. ಮಾಸ್ಟರು ಇನ್ನೇನು ಮಾಡಲೂ ತೋಚದೆ ಬಸಳೆ ಸೊಪ್ಪಿನ ಕಟ್ಟನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ಹೊರಟಳು.

ದಾರಿಯಲ್ಲಿ ಅವಳಿಗೆ ಅಣ್ಣನ ವಿಷಯ ಹೊಳೆಯಲೇ ಇಲ್ಲ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟು ಸಂಜೆಗಳು ಎಂದು ಲೆಕ್ಕ ಹಾಕುತ್ತ ನಡೆದಳು. ಅಷ್ಟೂ ಸಂಜೆ ಅಪ್ಪ, ಹೋಗ್ತಾರೆ, ಬರ್ತಾರೆ ಎಂದು ಹೇಳಿದ್ದರು. ಸಹಿ ಹಾಕಿ ಬಂದ ಸಂಜೆಯೂ ಹೇಳಿದ್ದಿರಬೇಕು. ಅವಳು ಓದಿದ ಅಷ್ಟೂ ಪುಸ್ತಕಗಳಲ್ಲಿ ತಪ್ಪು ಮಾಡಿದವನನ್ನು ಹಿಡಿದ ಮೇಲೆ ಏನು ಮಾಡಬೇಕೆಂಬುದು ಗೊತ್ತಿರುತ್ತಿತ್ತು. ಇಲ್ಲಿ ಹಿಡಿದವನ ತಪ್ಪೇನೆಂದೇ ತಿಳಿಯಲಿಲ್ಲ.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಗಂಡ ಒಳಗಿದ್ದಾನೆಂಬ ಎಚ್ಚರವೂ ಇರಲಿಲ್ಲ. "ಬಂದಿದ್ನಾ?" ಎಂದಳು.

ಅಪ್ಪ ಒಳಗೆ ಮಂಚದ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. "ಯಾರು?" ಎಂದರು. ಅಮ್ಮ ಇನ್ನು ಮುಚ್ಚಿಟ್ಟು ಸುಖವಿಲ್ಲವೆಂದು ತಡಬಡಿಸುತ್ತ ಎಲ್ಲ ಹೇಳಿದಳು: ಚೀಟಿ, ಜುಲೈ ಒಂಬತ್ತು, ಮೊಳೆಗೆ ನೇತುಬಿದ್ದ ಇನ್ನೂರ ಹನ್ನೆರಡು. ಅವಳು ಮುಗಿಸುವಷ್ಟರಲ್ಲಿ ಅಪ್ಪನ ಕೈ ಬಟ್ಟಲಿನಲ್ಲೇ ನಿಂತುಬಿಟ್ಟಿತ್ತು. ಅವರು ಮಗಳ ಮುಖ ನೋಡಿದರು. ಅವಳಿಗೆ ಗೊತ್ತಾಗಿದೆ ಎಂದು ಅವರಿಗೆ ಗೊತ್ತಾಯಿತು.

ಒಲೆಯ ಕಡೆಯಿಂದ ಪಾಯಸದ ವಾಸನೆ ಬರುತ್ತಿತ್ತು.

"ಬಂದಿದ್ನಂತೆ ಮಾ," ಎಂದಳು ಟುಕಿ. "ನಾನು ಹೋಗೋಷ್ಟ್ರಲ್ಲಿ ಪುಸ್ತಕ ಕೊಟ್ಟು ಹೋಗ್ಬಿಟ್ಟಿದ್ದ. ಬೇರೆ ತಗೊಂಡಿದಾನೆ. ಇನ್ನು ಹದಿನಾಲ್ಕು ದಿನ."

ಅಪ್ಪ ಬಟ್ಟಲಿನಿಂದ ಕೈ ತೆಗೆದು, "ಯಾವ ಪುಸ್ತಕ?" ಎಂದು ಕೇಳಿದರು.

ಟುಕಿ ಯಾವ ಕಪಾಟಿನಲ್ಲೂ ಇಲ್ಲದ ಒಂದು ಹೆಸರು ಹೇಳಿದಳು.

"ಹೂಂ," ಎಂದರು ಅಪ್ಪ. "ಅದು ಚೆನ್ನಾಗಿದೆಯಂತೆ."

ಅಮ್ಮ ಅಷ್ಟರಲ್ಲಿ ಬೆರಳ ಗೆಣ್ಣು ಎಣಿಸಿ ಮುಗಿಸಿದ್ದಳು. ಹದಿನಾಲ್ಕು ದಿನ ಅಂದರೆ ದುರ್ಗಾಪೂಜೆಯ ಷಷ್ಠಿಗೆ ಸರಿಹೋಗುತ್ತದೆ, ಹೊಸ ಅಂಗಿ ತಂದಿಡಬೇಕು ಎಂದಳು. ಎರಡು ವರ್ಷದಲ್ಲಿ ಎಷ್ಟು ಬೆಳೆದಿದ್ದಾನೋ, ಫಟಿಕ್‌ನನ್ನು ಅದೊಂದು ಕೇಳಿಕೊಂಡು ಬರಬಾರದಾಗಿತ್ತೇ ಎಂದು ಮಗಳನ್ನು ಗದರಿದಳು.

ಅಪ್ಪ ಬಟ್ಟಲನ್ನು ಪಕ್ಕಕ್ಕಿಟ್ಟರು. ತಮ್ಮ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ನೋಡಿಕೊಂಡರು.

"ನನ್ನ ಅಳತೆಗೇ ತರ್ತೀನಿ ಬಿಡು," ಎಂದರು.